ಕಾಯದ ಕಾವಲಿಗೆ ಅರಿವು ನೀಡುವ ಕೋಶಗಳು

ಶರಣಧರ್ಮವು ಕಾಯವನ್ನು ಹೀನವೆಂದು ಕಂಡ ಧರ್ಮವಲ್ಲ. ಲಿಂಗವನ್ನು ಧರಿಸುವುದು ಈ ಕಾಯದ ಮೇಲೆ, ಕಾಯಕ ನಡೆಯುವುದು ಈ ಕಾಯದಿಂದ, ದಾಸೋಹಕ್ಕೆ ಮುಂದೆ ಬರುವುದೂ ಈ ಕಾಯದ ಕೈಗಳೇ. ಆದುದರಿಂದ ಕಾಯವನ್ನು ಅರಿತು ಕಾಪಾಡಿಕೊಳ್ಳುವುದು ಭಕ್ತನ ಕರ್ತವ್ಯಗಳಲ್ಲಿ ಒಂದು. ಅದರೊಳಗೆ ಹಗಲಿರುಳು ನಡೆಯುತ್ತಿರುವ ಕಾವಲಿನ ಒಂದು ಅಪೂರ್ವ ಸಂಗತಿಯನ್ನು ಈ ತಿಂಗಳು ಓದುಗರ ಮುಂದಿಡಲು ಬಯಸುತ್ತೇವೆ.

ಕೋವಿಡ್ ಬಂದುಹೋದ ಮೇಲೆ ‘ರೋಗನಿರೋಧಕ ಶಕ್ತಿ’ ಎಂಬುದು ಮನೆಮನೆಯ ಮಾತಾಗಿದೆ. ಇಂಥ ಚೂರ್ಣದಿಂದ ಅದು ಹೆಚ್ಚುತ್ತದೆ, ಇಂಥ ಪಾನೀಯದಿಂದ ಅದು ಇಮ್ಮಡಿಯಾಗುತ್ತದೆ ಎಂಬ ಜಾಹೀರಾತುಗಳಿಗೆ ಕೊನೆಯಿಲ್ಲ. ಇದರ ನಡುವೆ ಭಕ್ತರು ಮತ್ತೆ ಮತ್ತೆ ಕೇಳುವ ಎರಡು ಪ್ರಶ್ನೆಗಳಿವೆ. ಸತ್ತ ವೈರಾಣುವನ್ನು ತೋಳಿಗೆ ಚುಚ್ಚಿದರೆ ದೇಹವು ಜೀವಂತ ವೈರಾಣುವಿನೊಡನೆ ಹೋರಾಡಲು ಕಲಿಯುವುದು ಹೇಗೆ ಎಂಬುದು ಮೊದಲನೆಯದು. ಕ್ಯಾನ್ಸರ್ ನಮ್ಮದೇ ಕೋಶಗಳಿಂದ ಹುಟ್ಟುವ ರೋಗವಾಗಿರುವಾಗ ದೇಹವು ಅದನ್ನು ವೈರಿಯೆಂದು ಗುರುತಿಸಬಲ್ಲದೇ ಎಂಬುದು ಎರಡನೆಯದು. ಮೇಲುನೋಟಕ್ಕೆ ಬೇರೆ ಬೇರೆಯಾಗಿ ತೋರುವ ಈ ಎರಡು ಪ್ರಶ್ನೆಗಳ ಉತ್ತರಗಳು ಒಂದೇ ಬಗೆಯ ಕೋಶದ ಬಳಿ ಬಂದು ಸೇರುತ್ತವೆ. ಆ ಕೋಶದ ಕೆಲಸವನ್ನು ತಿಳಿದರೆ ರೋಗನಿರೋಧಕ ಶಕ್ತಿ ಎಂಬುದು ಅಳೆದು ಹೆಚ್ಚಿಸುವ ವಸ್ತುವಲ್ಲ, ಅದು ಅರಿವಿನಿಂದ ನಡೆಯುವ ವ್ಯವಸ್ಥೆ ಎಂಬುದು ಮನವರಿಕೆಯಾಗುತ್ತದೆ.

ಒಳಗೆ ಅಡಗಿದ ವೈರಿ

ನಮ್ಮ ದೇಹದ ರಕ್ಷಣೆಯಲ್ಲಿ ಎರಡು ಮುಖ್ಯ ಅಸ್ತ್ರಗಳಿವೆ. ಒಂದು, ರಕ್ತದಲ್ಲಿ ಹರಿದಾಡುವ ಪ್ರತಿಕಾಯಗಳು. ಇವು ಕೋಶಗಳ ಹೊರಗಿರುವ ರೋಗಾಣುಗಳಿಗೆ ಅಂಟಿಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಆದರೆ ವೈರಾಣುವು ಒಮ್ಮೆ ಕೋಶದ ಒಳಹೊಕ್ಕು ಬೀಡುಬಿಟ್ಟಿತೆಂದರೆ ಪ್ರತಿಕಾಯವು ಅದನ್ನು ಸುಲಭವಾಗಿ ಮುಟ್ಟಲಾರದು. ಕಳ್ಳನು ಮನೆಯೊಳಗೆ ಸೇರಿ ಕದ ಹಾಕಿಕೊಂಡ ಮೇಲೆ ಬೀದಿಯಲ್ಲಿ ತಿರುಗುವ ಕಾವಲುಗಾರನು ಏನು ಮಾಡಬಲ್ಲನು? ಅಂಥ ಸಂದರ್ಭಕ್ಕೆಂದೇ ಇರುವುದು ಎರಡನೆಯ ಅಸ್ತ್ರ. ಅದುವೇ ಹಂತಕ ಟಿ ಕೋಶ. ಇದು ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣು ಸೇರಿಕೊಂಡ ನಮ್ಮದೇ ಕೋಶವನ್ನು ಗುರುತಿಸಿ, ಆ ಕೋಶವನ್ನೇ ಅಳಿಸಿಹಾಕುತ್ತದೆ.

ಹಂತಕ ಕೋಶಕ್ಕೆ ಕೋಶದ ಒಳಗನ್ನು ಇಣುಕಿ ನೋಡುವ ಶಕ್ತಿಯಿಲ್ಲ. ಆದುದರಿಂದ ನಮ್ಮ ದೇಹದಲ್ಲಿ ಕೇಂದ್ರವುಳ್ಳ ಬಹುತೇಕ ಎಲ್ಲ ಕೋಶಗಳೂ ತಮ್ಮೊಳಗೆ ಏನು ತಯಾರಾಗುತ್ತಿದೆ ಎಂಬುದರ ಮಾದರಿಯನ್ನು ಸದಾ ಹೊರಗೆ ಇರಿಸುತ್ತವೆ. ಕೃಷಿ ಮಾರುಕಟ್ಟೆಯಲ್ಲಿ ಧಾನ್ಯದ ಚೀಲಗಳನ್ನು ಪರೀಕ್ಷಿಸುವ ರೀತಿಯನ್ನು ನಮ್ಮ ರೈತಬಂಧುಗಳು ಬಲ್ಲರು. ಪ್ರತಿಯೊಂದು ಚೀಲವನ್ನೂ ಸುರಿದು ನೋಡುವುದಿಲ್ಲ. ಚೀಲಕ್ಕೆ ಚುಚ್ಚಿ ಹಿಡಿಯಷ್ಟು ಕಾಳನ್ನು ಹೊರತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾರೆ. ಕೋಶವೂ ಹಾಗೆಯೇ ಮಾಡುತ್ತದೆ. ತನ್ನೊಳಗಿನ ಪ್ರೋಟೀನುಗಳನ್ನು ಪ್ರೋಟಿಯಾಸೋಮ್ ಎಂಬ ಕತ್ತರಿಸುವ ಯಂತ್ರದಿಂದ ತುಂಡರಿಸಿ, ೮ರಿಂದ ೧೦ ಅಮೈನೋ ಆಮ್ಲಗಳಷ್ಟು ಉದ್ದದ ತುಣುಕನ್ನು ಒಂದು ವಿಶೇಷ ಅಣುವಿನಲ್ಲಿ ಇರಿಸಿ ಹೊರಮೈಗೆ ಕಳುಹಿಸುತ್ತದೆ. ಆ ಅಣುವನ್ನು ಎಂಎಚ್‌ಸಿ ಒಂದನೆಯ ವರ್ಗ ಎನ್ನುತ್ತಾರೆ. ನಾವು ಅದನ್ನು ಮಾದರಿ ತೋರಿಸುವ ತಟ್ಟೆ ಎಂದುಕೊಳ್ಳೋಣ. ತಟ್ಟೆಯ ಮೇಲೆ ನಮ್ಮದೇ ಪ್ರೋಟೀನಿನ ತುಣುಕಿದ್ದರೆ ಹಂತಕ ಕೋಶವು ಮುಂದೆ ಸಾಗುತ್ತದೆ. ವೈರಾಣುವಿನ ತುಣುಕು ಕಂಡರೆ ಆ ಕೋಶಕ್ಕೆ ಮೃತ್ಯುವನ್ನು ವಿಧಿಸುತ್ತದೆ.

ಈ ರಹಸ್ಯವನ್ನು ೧೯೭೪ರಲ್ಲಿ ಲೋಕಕ್ಕೆ ತಿಳಿಸಿದವರು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನೆ ನಡೆಸುತ್ತಿದ್ದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್. ಮಿದುಳಿನ ಪೊರೆಯಲ್ಲಿ ಉರಿಯೂತವುಂಟುಮಾಡುವ ಒಂದು ವೈರಾಣುವನ್ನು ಇಲಿಗಳಲ್ಲಿ ಪರೀಕ್ಷಿಸುತ್ತಿದ್ದಾಗ, ಒಂದು ತಳಿಯ ಇಲಿಯ ಹಂತಕ ಕೋಶಗಳು ಅದೇ ತಟ್ಟೆಯುಳ್ಳ ಸೋಂಕಿತ ಕೋಶಗಳನ್ನು ಮಾತ್ರ ಕೊಲ್ಲುತ್ತವೆ ಎಂಬುದನ್ನು ಅವರು ಕಂಡರು. ವೈರಾಣು ಅದೇ ಆಗಿದ್ದರೂ ತಟ್ಟೆ ಬೇರೆಯಾದರೆ ಹಂತಕ ಕೋಶವು ಸುಮ್ಮನಿರುತ್ತಿತ್ತು. ಅಂದರೆ ಅದು ಕೇವಲ ವೈರಾಣುವನ್ನು ಗುರುತಿಸುವುದಿಲ್ಲ, ‘ನಮ್ಮ ತಟ್ಟೆಯಲ್ಲಿ ಪರಕೀಯ ತುಣುಕು’ ಎಂಬ ಜೋಡಿಯನ್ನು ಗುರುತಿಸುತ್ತದೆ. ಈ ಶೋಧಕ್ಕೆ ೧೯೯೬ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮೂತ್ರಪಿಂಡ ಅಥವಾ ಅಸ್ಥಿಮಜ್ಜೆಯ ಕಸಿಗೆ ಮುನ್ನ ದಾನಿಯ ಮತ್ತು ರೋಗಿಯ ಎಚ್‌ಎಲ್‌ಎ ಹೊಂದಿಕೆಯನ್ನು ವೈದ್ಯರು ಪರೀಕ್ಷಿಸುತ್ತಾರಲ್ಲವೇ? ಮನುಷ್ಯರಲ್ಲಿ ಈ ತಟ್ಟೆಗಳಿಗಿರುವ ಹೆಸರೇ ಎಚ್‌ಎಲ್‌ಎ.

ಕಲಿಯದ ಯೋಧ

ಹಂತಕ ಕೋಶವು ಹುಟ್ಟಿನಿಂದಲೇ ಹಂತಕನಲ್ಲ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಎಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಅದು ಬೆಳೆಯುತ್ತದೆ. ಅಲ್ಲಿ ಕಠಿಣ ಪರೀಕ್ಷೆ ನಡೆಯುತ್ತದೆ. ದೇಹದ ತಟ್ಟೆಯನ್ನೇ ಗುರುತಿಸಲಾರದವು ಅಳಿಯುತ್ತವೆ. ದೇಹದ ಸ್ವಂತ ತುಣುಕುಗಳನ್ನು ಕಂಡು ಕೆರಳುವವುಗಳಲ್ಲಿ ಹೆಚ್ಚಿನವನ್ನೂ ಅಲ್ಲಿಯೇ ತೆಗೆದುಹಾಕಲಾಗುತ್ತದೆ. ಉಳಿದು ಹೊರಬರುವವು ಅತಿ ಸ್ವಲ್ಪ. ಹೀಗೆ ಬಂದ ಪ್ರತಿಯೊಂದು ಟಿ ಕೋಶವೂ ಯಾವುದೋ ಕೆಲವೇ ತುಣುಕುಗಳನ್ನು ಗುರುತಿಸಬಲ್ಲ ಗ್ರಾಹಕವನ್ನು ಹೊತ್ತಿರುತ್ತದೆ. ಒಂದು ನಿರ್ದಿಷ್ಟ ವೈರಾಣುವಿನ ಒಂದು ನಿರ್ದಿಷ್ಟ ತುಣುಕನ್ನು ಬಲ್ಲ ಕೋಶ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರಬಹುದು.

ಇನ್ನೊಂದು ಸಂಗತಿಯಿದೆ. ಈ ಅನನುಭವಿ ಕೋಶಗಳು ಚರ್ಮ, ಯಕೃತ್ತು, ಶ್ವಾಸಕೋಶಗಳ ಒಳಗೆಲ್ಲ ಅಲೆಯುವುದಿಲ್ಲ. ರಕ್ತದಿಂದ ದುಗ್ಧಗ್ರಂಥಿಗಳಿಗೆ, ದುಗ್ಧಗ್ರಂಥಿಗಳಿಂದ ಮತ್ತೆ ರಕ್ತಕ್ಕೆ ಸುತ್ತುತ್ತಿರುತ್ತವೆ. ತಾನು ಬಲ್ಲ ತುಣುಕನ್ನು ಕಂಡ ಮಾತ್ರಕ್ಕೆ ಅವು ಆಯುಧವನ್ನು ಎತ್ತುವುದೂ ಇಲ್ಲ. ಜೊತೆಗೆ ‘ಅಪಾಯವಿದೆ’ ಎಂಬ ಮತ್ತೊಂದು ಸಂಕೇತವೂ ಬೇಕು. ಈ ಸಂಯಮ ಇಲ್ಲದಿದ್ದರೆ ನಮ್ಮದೇ ಅಂಗಗಳ ಮೇಲೆ ನಮ್ಮ ಸೈನ್ಯವೇ ಎರಗುತ್ತಿತ್ತು. ಹಾಗಾದರೆ ದೂರದ ಅಂಗದಲ್ಲಿ ನಡೆದ ದಾಳಿಯ ಸುದ್ದಿಯನ್ನೂ ಪುರಾವೆಯನ್ನೂ ದುಗ್ಧಗ್ರಂಥಿಗೆ ತಂದು, ಯೋಗ್ಯ ಕೋಶವನ್ನು ಹುಡುಕಿ ಎಚ್ಚರಿಸುವವರು ಯಾರು?

ವೃಕ್ಷದಂಥ ಕೋಶ

ಆ ಕಾಯಕವನ್ನು ಹೊತ್ತಿರುವುದು ಡೆಂಡ್ರೈಟಿಕ್ ಕೋಶ. ಗ್ರೀಕ್ ಭಾಷೆಯಲ್ಲಿ ‘ಡೆಂಡ್ರಾನ್’ ಎಂದರೆ ಮರ. ರೆಂಬೆಕೊಂಬೆಗಳಂತೆ ಚಾಚಿಕೊಂಡ ತೋಳುಗಳಿರುವುದರಿಂದ ಈ ಹೆಸರು. ಚರ್ಮದಲ್ಲಿರುವ ಇಂಥ ಕೋಶಗಳನ್ನು ಜರ್ಮನಿಯ ಪಾಲ್ ಲಾಂಗರ್‌ಹಾನ್ಸ್ ೧೮೬೮ರಲ್ಲಿಯೇ ಕಂಡಿದ್ದನಾದರೂ, ಕವಲುಗಳ ಕಾರಣದಿಂದ ಅವು ನರಕೋಶಗಳೆಂದು ಭಾವಿಸಿದ್ದನು. ೧೯೭೩ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ ಅವರು ಇಲಿಯ ಗುಲ್ಮದಲ್ಲಿ ಈ ಕೋಶವನ್ನು ಗುರುತಿಸಿ ಹೆಸರಿಟ್ಟರು. ಟಿ ಕೋಶಗಳನ್ನು ಎಚ್ಚರಿಸುವುದರಲ್ಲಿ ಇದಕ್ಕೆ ಸಾಟಿಯಾದ ಕೋಶ ಬೇರೊಂದಿಲ್ಲವೆಂಬುದು ಮುಂದಿನ ವರ್ಷಗಳಲ್ಲಿ ಸಿದ್ಧವಾಯಿತು.

ಈ ಕೋಶಗಳು ಚರ್ಮ, ಶ್ವಾಸಕೋಶ, ಕರುಳು ಮೊದಲಾದ ಗಡಿಗಳಲ್ಲಿ ನೆಲೆಸಿ, ಸುತ್ತಲಿರುವುದನ್ನು ಸದಾ ರುಚಿ ನೋಡುತ್ತಿರುತ್ತವೆ. ಸತ್ತ ಕೋಶದ ಚೂರು, ರೋಗಾಣುವಿನ ಭಾಗ, ತೇಲಿಬಂದ ಪ್ರೋಟೀನ್ ಎಲ್ಲವನ್ನೂ ನುಂಗುತ್ತವೆ. ರೋಗಾಣುವಿನ ಲಕ್ಷಣವನ್ನೋ ಕೋಶಗಳು ಹಾನಿಗೊಂಡ ಸೂಚನೆಯನ್ನೋ ಕಂಡೊಡನೆ ನುಂಗುವುದನ್ನು ಕಡಿಮೆ ಮಾಡಿ, ದುಗ್ಧನಾಳದ ಮೂಲಕ ಹತ್ತಿರದ ದುಗ್ಧಗ್ರಂಥಿಗೆ ಹೊರಡುತ್ತವೆ. ಅಲ್ಲಿ ಸಾವಿರಾರು ಟಿ ಕೋಶಗಳು ಒಂದಾದ ಮೇಲೊಂದು ಬಂದು, ಇದು ತಂದ ಮಾದರಿಯನ್ನು ಮುಟ್ಟಿ ನೋಡಿ ಹೋಗುತ್ತವೆ. ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕಾಯಕಗಳಿಂದ ಬಂದವರು ಒಂದೆಡೆ ಕುಳಿತು ತಮ್ಮ ಅನುಭವವನ್ನು ಹಂಚಿಕೊಂಡ ಮಂಟಪವನ್ನು ಬಲ್ಲ ನಮಗೆ ಈ ಏರ್ಪಾಡಿನ ಸೊಗಸು ಬೇಗ ಅರ್ಥವಾಗುತ್ತದೆ.

ನಿಯಮದೊಳಗಿನ ತೊಡಕು

ಇಲ್ಲಿಯೇ ವಿಜ್ಞಾನಿಗಳಿಗೆ ದೊಡ್ಡ ತೊಡಕೊಂದು ಎದುರಾಯಿತು. ಕೋಶಗಳಲ್ಲಿ ಎರಡು ಬಗೆಯ ತಟ್ಟೆಗಳಿವೆ. ಕೋಶದ ಒಳಗೇ ತಯಾರಾದ ಪ್ರೋಟೀನಿನ ತುಣುಕುಗಳು ಒಂದನೆಯ ವರ್ಗದ ತಟ್ಟೆಯನ್ನು ಸೇರಿ ಹಂತಕ ಕೋಶಗಳ ಕಣ್ಣಿಗೆ ಬೀಳುತ್ತವೆ. ಹೊರಗಿನಿಂದ ನುಂಗಿದ ವಸ್ತುವಿನ ತುಣುಕುಗಳು ಎರಡನೆಯ ವರ್ಗದ ತಟ್ಟೆಯನ್ನು ಸೇರಿ ಸಹಾಯಕ ಟಿ ಕೋಶಗಳಿಗೆ ಕಾಣಿಸುತ್ತವೆ. ಸಾಮಾನ್ಯ ನಿಯಮವಿದು.

ಈಗ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವನ್ನು ನೆನೆಯಿರಿ. ಅದು ಸೇರಿಕೊಳ್ಳುವುದು ಚರ್ಮ ಮತ್ತು ಲೋಳೆಪೊರೆಯ ಹೊದಿಕೆಯ ಕೋಶಗಳನ್ನು, ಡೆಂಡ್ರೈಟಿಕ್ ಕೋಶದೊಳಗೆ ಅದು ಬೆಳೆಯುವುದಿಲ್ಲ. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಗಡ್ಡೆಯ ಪ್ರೋಟೀನುಗಳು ತಯಾರಾಗುವುದೂ ಗಡ್ಡೆಯ ಕೋಶಗಳೊಳಗೆ. ಡೆಂಡ್ರೈಟಿಕ್ ಕೋಶಕ್ಕೆ ಇವೆಲ್ಲ ಹೊರಗಿನಿಂದ ನುಂಗಿದ ವಸ್ತುಗಳು. ನಿಯಮದ ಪ್ರಕಾರ ಅವು ಎರಡನೆಯ ತಟ್ಟೆಯನ್ನು ಮಾತ್ರ ಸೇರಬೇಕು. ಹಾಗಾದಲ್ಲಿ ಹಂತಕ ಕೋಶಗಳು ಎಂದಿಗೂ ಎಚ್ಚರಗೊಳ್ಳಬಾರದು. ಆದರೆ ಅವು ಎಚ್ಚರಗೊಳ್ಳುತ್ತವೆ. ಹೇಗೆ?

೧೯೭೬ರಲ್ಲಿ ಮೈಕೆಲ್ ಬೆವನ್ ಎಂಬ ವಿಜ್ಞಾನಿಯ ಪ್ರಯೋಗವು ಇದರ ಸುಳಿವನ್ನು ನೀಡಿತು. ಎರಡು ತಳಿಗಳ ಸಂಕರದಿಂದ ಹುಟ್ಟಿದ ಇಲಿಯ ಮೈಯಲ್ಲಿ ತಂದೆಯ ತಟ್ಟೆ, ತಾಯಿಯ ತಟ್ಟೆ ಎರಡೂ ಇರುತ್ತವೆ. ಅಂಥ ಇಲಿಗೆ ಇವುಗಳಲ್ಲಿ ಒಂದೇ ಬಗೆಯ ತಟ್ಟೆಯುಳ್ಳ, ಆದರೆ ಕೆಲವು ಪರಕೀಯ ಪ್ರೋಟೀನುಗಳನ್ನು ಹೊಂದಿದ ಕೋಶಗಳನ್ನು ಚುಚ್ಚಲಾಯಿತು. ಆ ಪರಕೀಯ ತುಣುಕನ್ನು ಇನ್ನೊಂದು ಬಗೆಯ ತಟ್ಟೆಯೊಡನೆ ಗುರುತಿಸುವ ಹಂತಕ ಕೋಶಗಳೂ ಆ ಇಲಿಯಲ್ಲಿ ಸಿದ್ಧಗೊಂಡಿದ್ದವು. ಚುಚ್ಚಿದ ಕೋಶಗಳಲ್ಲಿ ಆ ತಟ್ಟೆಯೇ ಇರಲಿಲ್ಲ. ಅಂದ ಮೇಲೆ ಇಲಿಯ ಸ್ವಂತ ಕೋಶವೊಂದು ಆ ಪರಕೀಯ ಪ್ರೋಟೀನನ್ನು ಎತ್ತಿಕೊಂಡು, ತನ್ನ ಒಂದನೆಯ ವರ್ಗದ ತಟ್ಟೆಯಲ್ಲಿಟ್ಟು ತೋರಿಸಿರಲೇಬೇಕು. ಹೊರಗಿನದು ಒಳದಾರಿಗೆ ದಾಟಿತ್ತು. ಈ ದಾಟುವಿಕೆಗೆ ವಿಜ್ಞಾನದಲ್ಲಿ ‘ಕ್ರಾಸ್ ಪ್ರೆಸೆಂಟೇಶನ್’ ಎನ್ನುತ್ತಾರೆ. ನಾವು ಇದನ್ನು ದಾಟು-ಪ್ರದರ್ಶನ ಎಂದು ಕರೆಯಬಹುದು.

ನುಂಗಿದ್ದನ್ನು ತೋರಿಸುವ ಬಗೆ

ಈ ದಾಟುವಿಕೆ ನಡೆಯುವ ಎರಡು ದಾರಿಗಳನ್ನು ವಿಜ್ಞಾನಿಗಳು ವಿವರಿಸಿದ್ದಾರೆ. ಮೊದಲನೆಯದರಲ್ಲಿ, ನುಂಗಿದ ಪ್ರೋಟೀನು ಅದನ್ನು ಸುತ್ತುವರಿದ ಚೀಲದಿಂದ ಕೋಶದ ಒಳದ್ರವಕ್ಕೆ ನುಸುಳುತ್ತದೆ. ಅಲ್ಲಿ ಪ್ರೋಟಿಯಾಸೋಮ್ ಅದನ್ನು ಕತ್ತರಿಸಿ, ಒಳಗಿನ ಪ್ರೋಟೀನಿನಂತೆಯೇ ತಟ್ಟೆಯ ದಾರಿಗೆ ಹಾಕುತ್ತದೆ. ಎರಡನೆಯದರಲ್ಲಿ, ಚೀಲದೊಳಗೇ ಕಿಣ್ವಗಳು ಪ್ರೋಟೀನನ್ನು ತುಂಡರಿಸಿ, ಅಲ್ಲಿಗೆ ಬಂದ ತಟ್ಟೆಗೆ ಏರಿಸುತ್ತವೆ. ಚೀಲದಿಂದ ಹೊರಗೆ ನುಸುಳುವ ಬಾಗಿಲು ಯಾವುದೆಂಬ ಬಗ್ಗೆ ಸಂಶೋಧಕರ ನಡುವೆ ಇನ್ನೂ ಚರ್ಚೆ ನಡೆದಿದೆ.

ಇಲ್ಲಿ ಗಮನಿಸಬೇಕಾದ ಗುಣವೊಂದಿದೆ. ದೇಹದಲ್ಲಿ ಮ್ಯಾಕ್ರೊಫೇಜ್ ಎಂಬ ಮಹಾಭಕ್ಷಕ ಕೋಶಗಳೂ ಇವೆ. ಅವು ನುಂಗಿದ್ದನ್ನು ತೀಕ್ಷ್ಣ ಆಮ್ಲದಲ್ಲಿ ಬೇಗನೆ ಪೂರ್ತಿಯಾಗಿ ಕರಗಿಸಿಬಿಡುತ್ತವೆ. ಡೆಂಡ್ರೈಟಿಕ್ ಕೋಶವಾದರೋ ತನ್ನ ಚೀಲದಲ್ಲಿ ಆಮ್ಲವು ಹೆಚ್ಚದಂತೆ ನೋಡಿಕೊಂಡು ನಿಧಾನವಾಗಿ ಜೀರ್ಣಿಸುತ್ತದೆ. ಎಲ್ಲವನ್ನೂ ಕರಗಿಸಿಬಿಟ್ಟರೆ ಇತರರಿಗೆ ತೋರಿಸಲು ಪುರಾವೆಯೇ ಉಳಿಯುವುದಿಲ್ಲವಷ್ಟೆ.

ಡೆಂಡ್ರೈಟಿಕ್ ಕೋಶಗಳಲ್ಲಿಯೂ ಒಂದು ಉಪಜಾತಿಯು ಈ ಕೆಲಸದಲ್ಲಿ ಅತ್ಯಂತ ನಿಪುಣವಾದುದು. ರಕ್ತದಲ್ಲಿ ಅದರ ಸಂಖ್ಯೆ ಬಹಳ ವಿರಳ. ಸತ್ತ ಕೋಶವು ಒಡೆದಾಗ ಹೊರಗೆ ಕಾಣುವ ಆಕ್ಟಿನ್ ಎಂಬ ಎಳೆಯನ್ನು ಗುರುತಿಸುವ ವಿಶೇಷ ಗ್ರಾಹಕ ಅದರ ಮೈಮೇಲಿದೆ. ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಬಾಟ್ಫ್-೩ ಎಂಬ ಜೀನ್ ಇಲ್ಲದ ಇಲಿಗಳಲ್ಲಿ ಈ ಉಪಜಾತಿ ಬೆಳೆಯಲಿಲ್ಲ. ಉಳಿದೆಲ್ಲ ರಕ್ಷಣಾ ಕೋಶಗಳು ಬಹುಮಟ್ಟಿಗೆ ಸರಿಯಾಗಿದ್ದರೂ ಆ ಇಲಿಗಳು ವೈರಾಣುವಿನ ವಿರುದ್ಧ ಸಾಕಷ್ಟು ಹಂತಕ ಕೋಶಗಳನ್ನು ಎಬ್ಬಿಸಲಾರದಾದವು. ಸಾಮಾನ್ಯ ಇಲಿಗಳು ತಾವಾಗಿಯೇ ಅಳಿಸಿಹಾಕುವ ಗಡ್ಡೆಗಳು ಅವುಗಳಲ್ಲಿ ಬೆಳೆದವು. ಎಣಿಕೆಗೆ ಸಿಗದಷ್ಟು ವಿರಳವಾದ ಒಂದು ಕೋಶವು ಇಲ್ಲವಾದರೆ ಇಡೀ ಸೈನ್ಯವು ಕುರುಡಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅನುಮತಿಯಿಲ್ಲದೆ ಆಯುಧವಿಲ್ಲ

ತುಣುಕನ್ನು ತೋರಿಸಿದ ಮಾತ್ರಕ್ಕೆ ಯುದ್ಧ ಆರಂಭವಾಗದು. ಡೆಂಡ್ರೈಟಿಕ್ ಕೋಶವು ಮೂರು ಸಂಕೇತಗಳನ್ನು ನೀಡಬೇಕು. ತಟ್ಟೆಯಲ್ಲಿರುವ ತುಣುಕು ಮೊದಲನೆಯದು, ಅಪಾಯವನ್ನು ದೃಢಪಡಿಸುವ ಮೇಲ್ಮೈ ಅಣುಗಳು ಎರಡನೆಯವು, ಹೋರಾಟದ ದಿಕ್ಕನ್ನು ನಿರ್ಧರಿಸುವ ಸ್ರಾವಗಳು ಮೂರನೆಯವು. ಅನೇಕ ಸಂದರ್ಭಗಳಲ್ಲಿ ಸಹಾಯಕ ಟಿ ಕೋಶವೂ ಬಂದು ಡೆಂಡ್ರೈಟಿಕ್ ಕೋಶದೊಡನೆ ಕೈಜೋಡಿಸಿ, ಹಂತಕನನ್ನು ಎಚ್ಚರಿಸಲು ಅದಕ್ಕೆ ಅನುಮತಿ ನೀಡಬೇಕಾಗುತ್ತದೆ. ಈ ಅನುಮತಿಯ ಕ್ರಮವು ೧೯೯೮ರಲ್ಲಿ ಸ್ಪಷ್ಟವಾಯಿತು. ಎಚ್‌ಐವಿ ಸೋಂಕಿನಲ್ಲಿ ಸಹಾಯಕ ಕೋಶಗಳು ನಾಶವಾದಂತೆ ಹಂತಕ ಕೋಶಗಳ ಕೆಲಸವೂ ಸೊರಗುವುದಕ್ಕೆ ಇದೂ ಒಂದು ಕಾರಣ.

ಎಚ್ಚರಗೊಂಡ ಹಂತಕ ಕೋಶವು ಕೆಲವೇ ಗಂಟೆಗಳಿಗೊಮ್ಮೆ ಇಬ್ಭಾಗವಾಗುತ್ತ, ವಾರದೊಳಗೆ ಸಾವಿರಾರು ಪಟ್ಟು ಹೆಚ್ಚುತ್ತದೆ. ಜ್ವರ, ಗಂಟಲುಬೇನೆಗಳ ಸಮಯದಲ್ಲಿ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವುದು ಇಂಥ ಚಟುವಟಿಕೆಯಿಂದಲೇ. ಬಳಿಕ ಈ ಕೋಶಗಳು ಸೋಂಕಿನ ಜಾಗಕ್ಕೆ ಹರಿದುಹೋಗಿ, ಪರ್ಫೊರಿನ್ ಎಂಬ ವಸ್ತುವಿನಿಂದ ವೈರಿ ಅಡಗಿರುವ ಕೋಶದ ಪೊರೆಯಲ್ಲಿ ರಂಧ್ರವನ್ನು ಕೊರೆದು, ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಸೇರಿಸಿ ಅದನ್ನು ಶಾಂತವಾಗಿ ಸಾಯುವಂತೆ ಮಾಡುತ್ತವೆ. ಕೆಲಸ ಮುಗಿದ ಮೇಲೆ ಬಹುಪಾಲು ಹಂತಕ ಕೋಶಗಳು ತಾವೂ ಅಳಿಯುತ್ತವೆ. ಕೆಲವು ಮಾತ್ರ ನೆನಪಿನ ಕೋಶಗಳಾಗಿ ವರ್ಷಾನುಗಟ್ಟಲೆ ಉಳಿಯುತ್ತವೆ.

ಅಪಾಯದ ಸಂಕೇತವಿಲ್ಲದಾಗ ಇದೇ ಡೆಂಡ್ರೈಟಿಕ್ ಕೋಶವು ತದ್ವಿರುದ್ಧವಾದ ಪಾಠವನ್ನು ಹೇಳುತ್ತದೆ. ಆರೋಗ್ಯವಂತ ಅಂಗಗಳಲ್ಲಿ ಪ್ರತಿದಿನ ಸಹಜವಾಗಿ ಸಾಯುವ ಕೋಶಗಳ ತುಣುಕುಗಳನ್ನೂ ಅದು ಗ್ರಂಥಿಗೆ ತಂದು ತೋರಿಸುತ್ತದೆ. ಆದರೆ ಎಚ್ಚರಿಕೆಯ ಸಂಕೇತವಿಲ್ಲದೆ ತೋರಿಸಿದ್ದರಿಂದ, ಆ ತುಣುಕನ್ನು ಬಲ್ಲ ಹಂತಕ ಕೋಶಗಳು ಅಡಗುತ್ತವೆ ಅಥವಾ ಅಳಿಯುತ್ತವೆ. ಈ ಸಹನೆಯು ಮುರಿದಾಗ ಆಗುವ ಅನಾಹುತವನ್ನು ಮಕ್ಕಳಲ್ಲಿ ಕಾಣುವ ಒಂದನೆಯ ಬಗೆಯ ಮಧುಮೇಹದಲ್ಲಿ ನೋಡುತ್ತೇವೆ. ಅಲ್ಲಿ ಟಿ ಕೋಶಗಳು ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ವೈರಿಯೆಂದು ಬಗೆದು ನಾಶಮಾಡುತ್ತವೆ. ಹೋರಾಡಲು ಕಲಿಸುವಷ್ಟೇ ಸಹಿಸಲು ಕಲಿಸುವುದೂ ರಕ್ಷಣೆಯ ಭಾಗ ಎಂಬುದನ್ನು ಇದರಿಂದ ಅರಿಯಬೇಕು.

ಲಸಿಕೆಯ ಮರ್ಮ

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಕೋವಿಡ್ ವಿರುದ್ಧ ಬಹುಜನರು ಪಡೆದ ಲಸಿಕೆಗಳು ಎರಡು. ಕೋವಿಶೀಲ್ಡ್ ಲಸಿಕೆಯು ನಿರುಪದ್ರವಿಯಾಗಿ ಮಾರ್ಪಡಿಸಿದ ಬೇರೊಂದು ವೈರಾಣುವಿನ ಮೂಲಕ ಕೊರೊನಾದ ಮುಳ್ಳಿನಂಥ ಪ್ರೋಟೀನಿನ ಸೂತ್ರವನ್ನು ನಮ್ಮ ಕೋಶಗಳಿಗೆ ಒಯ್ಯುತ್ತದೆ. ಕೋಶವೇ ಆ ಪ್ರೋಟೀನನ್ನು ತಯಾರಿಸುವುದರಿಂದ ಅದು ನೇರವಾಗಿ ಒಂದನೆಯ ತಟ್ಟೆಯನ್ನು ಸೇರಬಲ್ಲದು. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ಪೂರ್ಣ ವೈರಾಣು. ಅದು ಕೋಶದೊಳಗೆ ಬೆಳೆಯಲಾರದು. ಡೆಂಡ್ರೈಟಿಕ್ ಕೋಶವು ಅದನ್ನು ಹೊರವಸ್ತುವಾಗಿ ನುಂಗಿ, ಮುಖ್ಯವಾಗಿ ಸಹಾಯಕ ಕೋಶಗಳಿಗೂ, ದಾಟು-ಪ್ರದರ್ಶನದ ಮೂಲಕ ಹಂತಕ ಕೋಶಗಳಿಗೂ ತೋರಿಸಬೇಕಾಗುತ್ತದೆ. ಅಂಥ ಲಸಿಕೆಯ ಜೊತೆ ಅಪಾಯದ ಸಂಕೇತವನ್ನು ನೀಡುವ ಸಹಾಯಕ ದ್ರವ್ಯವನ್ನು ಸೇರಿಸುವುದು ಈ ಕಾರಣದಿಂದ. ಲಸಿಕೆ ಪಡೆದ ತೋಳು ನೋಯುವುದು, ಒಂದೆರಡು ದಿನ ಮೈ ಬಿಸಿಯಾಗುವುದು ಈ ಎಚ್ಚರಿಕೆಯ ಫಲ. ಆದರೆ ನೋವು, ಜ್ವರ ಬರಲಿಲ್ಲವೆಂದು ಲಸಿಕೆ ಫಲಿಸಲಿಲ್ಲವೆಂದು ತಿಳಿಯಬಾರದು.

ಎಚ್‌ಪಿವಿ ಲಸಿಕೆಯ ವಿಷಯದಲ್ಲಿ ಈ ತಿಳಿವಳಿಕೆಯು ಇನ್ನಷ್ಟು ಮುಖ್ಯವಾಗುತ್ತದೆ. ಆ ಲಸಿಕೆಯು ಪ್ರಧಾನವಾಗಿ ಪ್ರತಿಕಾಯಗಳನ್ನು ಹುಟ್ಟಿಸಿ ವೈರಾಣುವು ಕೋಶವನ್ನು ಸೇರದಂತೆ ತಡೆಯುತ್ತದೆ. ಈಗಾಗಲೇ ಕೋಶದೊಳಗೆ ನೆಲೆಸಿದ ವೈರಾಣುವನ್ನು ಅದು ಹೊರಹಾಕಲಾರದು. ಆದುದರಿಂದಲೇ ಹೆಣ್ಣುಮಕ್ಕಳಿಗೆ ೯ರಿಂದ ೧೪ರ ವಯಸ್ಸಿನಲ್ಲಿ, ಸೋಂಕು ತಗಲುವ ಸಂಭವಕ್ಕೆ ಮೊದಲೇ ಅದನ್ನು ಕೊಡಿಸಬೇಕೆಂದು ವೈದ್ಯರು ಹೇಳುತ್ತಾರೆ. ‘ಇಷ್ಟು ಚಿಕ್ಕವಳಿಗೆ ಇದು ಏಕೆ’ ಎಂದು ಮುಂದೂಡುವ ತಾಯ್ತಂದೆಯರು ಈ ಕಾರಣವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಲಸಿಕೆ ಪಡೆದವರೂ ವಯಸ್ಸಾದಾಗ ಗರ್ಭಕಂಠದ ತಪಾಸಣೆಯನ್ನು ಬಿಡಬಾರದು.

ಕ್ಯಾನ್ಸರಿನ ಮುಂದೆ

ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕ್ಯಾನ್ಸರ್ ಕೋಶವು ನಮ್ಮದೇ ಆದರೂ ಅದರ ಜೀನುಗಳಲ್ಲಿ ಬದಲಾವಣೆಗಳಾಗಿರುವುದರಿಂದ ಅದು ತಯಾರಿಸುವ ಕೆಲವು ಪ್ರೋಟೀನುಗಳು ಹೊಸವು. ಗಡ್ಡೆಯಲ್ಲಿ ಸಾಯುವ ಕೋಶಗಳನ್ನು ಡೆಂಡ್ರೈಟಿಕ್ ಕೋಶವು ನುಂಗಿ, ಆ ಹೊಸ ತುಣುಕುಗಳನ್ನು ಹಂತಕ ಕೋಶಗಳಿಗೆ ತೋರಿಸಿದರೆ ದೇಹವು ಅದನ್ನು ವೈರಿಯೆಂದು ಗುರುತಿಸಬಲ್ಲದು. ಆದರೆ ಗಡ್ಡೆಯೂ ಸುಮ್ಮನಿರುವುದಿಲ್ಲ. ಕೆಲವು ಗಡ್ಡೆಗಳು ತಮ್ಮ ತಟ್ಟೆಗಳನ್ನೇ ತೆಗೆದುಹಾಕಿ ಮರೆಯಾಗುತ್ತವೆ. ಕೆಲವು ಡೆಂಡ್ರೈಟಿಕ್ ಕೋಶಗಳು ಬಳಿಗೆ ಬಾರದಂತೆ ಮಾಡುತ್ತವೆ. ಇನ್ನು ಕೆಲವು ಹಂತಕ ಕೋಶದ ಮೈಮೇಲಿರುವ ತಡೆಗಳನ್ನು ಒತ್ತಿ ಅದನ್ನು ನಿಲ್ಲಿಸಿಬಿಡುತ್ತವೆ. ಈ ತಡೆಗಳನ್ನು ಸಡಿಲಿಸಿ ಚಿಕಿತ್ಸೆ ನೀಡಬಹುದೆಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ೨೦೧೮ರ ನೊಬೆಲ್ ಸಂದಿತು. ದಾಟು-ಪ್ರದರ್ಶನದಲ್ಲಿ ನಿಪುಣವಾದ ಡೆಂಡ್ರೈಟಿಕ್ ಕೋಶಗಳಿಲ್ಲದ ಇಲಿಗಳಲ್ಲಿ ಇಂಥ ಔಷಧಗಳು ಫಲ ನೀಡಲಿಲ್ಲವೆಂಬುದೂ ಗಮನಾರ್ಹ. ತಡೆಯನ್ನು ತೆಗೆದರೂ ದಾರಿ ತೋರುವವರಿಲ್ಲದೆ ಹಂತಕನು ಎಲ್ಲಿಗೆ ಹೋಗಬೇಕು?

ಡೆಂಡ್ರೈಟಿಕ್ ಕೋಶಗಳನ್ನೇ ಔಷಧವಾಗಿ ಬಳಸುವ ಪ್ರಯತ್ನಗಳೂ ನಡೆದಿವೆ. ರೋಗಿಯ ರಕ್ತದಿಂದ ಪ್ರದರ್ಶಕ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನನ್ನು ಅವುಗಳಿಗೆ ಉಣಿಸಿ ಮತ್ತೆ ರೋಗಿಗೆ ಮರಳಿಸುವ ಚಿಕಿತ್ಸೆಗೆ ಅಮೆರಿಕವು ೨೦೧೦ರಲ್ಲಿ ಒಪ್ಪಿಗೆ ನೀಡಿತು. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅದರಿಂದ ಆಯುಷ್ಯವು ಸರಾಸರಿ ನಾಲ್ಕು ತಿಂಗಳಷ್ಟು ಹೆಚ್ಚಿತು. ಲಾಭ ಉಂಟು, ಆದರೆ ಮಿತವಾದುದು.

ಈ ಕೋಶವನ್ನು ಕಂಡುಹಿಡಿದ ಸ್ಟೈನ್‌ಮನ್ ಅವರ ಬಾಳಿನ ಕೊನೆಯು ಮನ ಕಲಕುವಂಥದು. ೨೦೦೭ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆ ಮತ್ತು ಔಷಧಗಳ ಜೊತೆಗೆ ತಮ್ಮದೇ ಡೆಂಡ್ರೈಟಿಕ್ ಕೋಶಗಳಿಂದ ಸಿದ್ಧಪಡಿಸಿದ ಪ್ರಾಯೋಗಿಕ ಚಿಕಿತ್ಸೆಯನ್ನೂ ಅವರು ಪಡೆದರು. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬದುಕಿ, ೨೦೧೧ರ ಸೆಪ್ಟೆಂಬರ್ ೩೦ರಂದು ನಿಧನರಾದರು. ಅಕ್ಟೋಬರ್ ೩ರಂದು ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ನಿಧನರಾದವರಿಗೆ ಪ್ರಶಸ್ತಿ ನೀಡುವ ಪದ್ಧತಿಯಿಲ್ಲದಿದ್ದರೂ, ಘೋಷಿಸುವಾಗ ಸಮಿತಿಗೆ ಸುದ್ದಿ ತಿಳಿದಿರಲಿಲ್ಲವಾದ ಕಾರಣ ಪ್ರಶಸ್ತಿಯನ್ನು ಉಳಿಸಲಾಯಿತು. ಆ ಚಿಕಿತ್ಸೆಯಿಂದಲೇ ಅವರ ಆಯುಷ್ಯ ಹೆಚ್ಚಿತೆಂದು ಒಬ್ಬರ ಉದಾಹರಣೆಯಿಂದ ನಿರ್ಧರಿಸಲಾಗದು. ತನ್ನ ಕಾಯಕವನ್ನು ತನ್ನ ಕಾಯದ ಮೇಲೆಯೇ ಪರೀಕ್ಷೆಗೆ ಒಡ್ಡಿದ ಆ ನಿಷ್ಠೆಯನ್ನಂತೂ ಗೌರವಿಸಲೇಬೇಕು.

ಭಕ್ತರು ಗಮನಿಸಬೇಕಾದುದು

ಇಷ್ಟನ್ನು ತಿಳಿದ ಮೇಲೆ ನಿತ್ಯಜೀವನದಲ್ಲಿ ಪಾಲಿಸಬೇಕಾದ ಕೆಲವು ವಿಷಯಗಳನ್ನು ಹೇಳಬಯಸುತ್ತೇವೆ.

ರೋಗನಿರೋಧಕ ಶಕ್ತಿಯನ್ನು ಹಲವು ಪಟ್ಟು ಹೆಚ್ಚಿಸುತ್ತೇವೆಂಬ ಮಾತಿಗೆ ಮರುಳಾಗಬಾರದು. ಅರಿವಿಲ್ಲದೆ ಹೆಚ್ಚಿದ ಶಕ್ತಿಯು ಸ್ವಂತ ಅಂಗಗಳನ್ನೇ ಸುಡುತ್ತದೆ. ದೇಹಕ್ಕೆ ಬೇಕಾದುದು ಕಾಳು, ಬೇಳೆ, ಹಾಲು, ಸೊಪ್ಪು, ಹಣ್ಣುಗಳಿಂದ ಕೂಡಿದ ಸಮತೋಲಿತ ಪ್ರಸಾದ, ಸಾಕಷ್ಟು ನಿದ್ರೆ, ಮಿತವಾದ ದೈಹಿಕ ಶ್ರಮ. ತಂಬಾಕು, ಗುಟ್ಕಾಗಳು ಬಾಯಿಯ ಕ್ಯಾನ್ಸರಿಗೆ ನೇರ ದಾರಿಯಾಗಿರುವುದರಿಂದ ಅವುಗಳನ್ನು ಪೂರ್ತಿಯಾಗಿ ತ್ಯಜಿಸಬೇಕು.

ಮಕ್ಕಳ ಲಸಿಕೆಗಳನ್ನು ವೇಳಾಪಟ್ಟಿಯಂತೆ ತಪ್ಪದೆ ಕೊಡಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು ಹುಟ್ಟಿದ ೨೪ ಗಂಟೆಗಳೊಳಗೆ ಆಗಬೇಕು. ಅಂಗಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಯಾವುದೇ ಲಸಿಕೆಗೆ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಜೀವಂತ ರೋಗಾಣುವಿನ ಲಸಿಕೆಗಳು ಅವರಿಗೆ ಅಪಾಯಕಾರಿಯಾಗಬ��ುದು.

ಜ್ವರದ ಜೊತೆ ಬಂದ ಕುತ್ತಿಗೆಯ ಗಂಟು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದೆ ಮೂರು ವಾರ ದಾಟಿದ, ನೋವಿಲ್ಲದೆ ಗಟ್ಟಿಯಾಗಿ ಬೆಳೆಯುತ್ತಿರುವ ಗಂಟು ಎಲ್ಲಿಯೇ ಇರಲಿ, ಅದನ್ನು ವೈದ್ಯರಿಗೆ ತೋರಿಸಬೇಕು. ಸ್ತನದಲ್ಲಿ ಗಂಟು ಕಂಡರೆ ಕಾಯುತ್ತ ಕೂರಬಾರದು.

ಕ್ಯಾನ್ಸರ್ ಎಂದು ತಿಳಿದ ಮನೆಯವರಿಗೆ ‘ಡೆಂಡ್ರೈಟಿಕ್ ಕೋಶದ ಚಿಕಿತ್ಸೆ’, ‘ಪ್ರತಿರಕ್ಷಾ ಚಿಕಿತ್ಸೆ’ ಎಂಬ ಹೆಸರಿನಲ್ಲಿ ಹೊಲ, ಮನೆ ಮಾರಿಸುವಷ್ಟು ದುಬಾರಿ ಭರವಸೆಗಳು ಬರಬಹುದು. ಈ ಹೆಸರುಗಳ ಹಿಂದೆ ನಿಜವಾದ ವಿಜ್ಞಾನವಿದೆ ಎಂಬುದನ್ನು ಮೇಲೆ ವಿವರಿಸಿದ್ದೇವೆ. ಹೆಸರಿದ್ದ ಮಾತ್ರಕ್ಕೆ ಎಲ್ಲ ಕ್ಯಾನ್ಸರಿಗೂ ಅದು ಔಷಧವಾಗದು. ಇದು ಯಾವ ಕ್ಯಾನ್ಸರಿಗೆ ಒಪ್ಪಿಗೆ ಪಡೆದಿದೆ, ಎಷ್ಟು ಜನರಿಗೆ ಎಷ್ಟು ಪ್ರಯೋಜನವಾಗಿದೆ, ಇದು ಪ್ರಯೋಗವಾದರೆ ನೋಂದಣಿಯಾಗಿದೆಯೇ ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯ ತಜ್ಞರ ಅಭಿಪ್ರಾಯವನ್ನು ಪಡೆಯದೆ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡಬಾರದು. ಇಷ್ಟಲಿಂಗ ಪೂಜೆ, ಗುರುವಿನ ಆಶೀರ್ವಾದಗಳು ರೋಗಿಯ ಮನಸ್ಸಿಗೆ ಧೈರ್ಯವನ್ನು ತುಂಬುತ್ತವೆ. ಆ ಧೈರ್ಯವು ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೇ ಹೊರತು ಆಸ್ಪತ್ರೆಯಿಂದ ದೂರವಿರಿಸಬಾರದು.

ಡೆಂಡ್ರೈಟಿಕ್ ಕೋಶವು ತಾನು ಯಾರನ್ನೂ ಕೊಲ್ಲುವುದಿಲ್ಲ. ಗಡಿಯಲ್ಲಿ ನಿಂತು ನೋಡುತ್ತದೆ, ಕಂಡದ್ದನ್ನು ಸವೆಸಿ ಮುಗಿಸದೆ ಜೋಪಾನವಾಗಿ ತರುತ್ತದೆ, ಅರಿಯಬೇಕಾದವರ ಮುಂದೆ ಇಡುತ್ತದೆ, ಅಪಾಯವಿಲ್ಲದ ಕಡೆ ಶಾಂತಿಯನ್ನು ಹೇಳುತ್ತದೆ. ತನಗಾಗಿ ಏನನ್ನೂ ಉಳಿಸಿಕೊಳ್ಳದ ಈ ಕಾಯಕದಿಂದ ಇಡೀ ದೇಹವು ಉಳಿಯುತ್ತದೆ. ಆರೋಗ್ಯದ ವಿಷಯದಲ್ಲಿ ಸರಿಯಾದ ತಿಳಿವಳಿಕೆಯನ್ನು ತಾವು ಪಡೆದು ನೆರೆಹೊರೆಯವರಿಗೂ ಹಂಚುವ ಭಕ್ತರು ಸಮಾಜಕ್ಕೆ ಮಾಡುವ ಸೇವೆಯೂ ಇದಕ್ಕಿಂತ ಬೇರೆಯಲ್ಲ. ಎಲ್ಲರ ಕಾಯವೂ ನಿರೋಗಿಯಾಗಿ, ಕಾಯಕ ದಾಸೋಹಗಳಿಗೆ ಸಮರ್ಥವಾಗಿರಲಿ ಎಂದು ಹಾರೈಸುತ್ತೇವೆ.